ಹಾಡಿನೊಳಗಿನ ಅಣ್ಣ, ಹೊಸಹಳ್ಳಿಯ ಅಣ್ಣ

ನಮ್ಮ ದೊಡ್ಡಮ್ಮನಿಗೆ ಇದ್ದದ್ದು ಒಬ್ಬನೇ ಅಣ್ಣ. ಆದರೆ ಅವಳ ಲೆಕ್ಕದಲ್ಲಿ ಇಬ್ಬರು! ಒಬ್ಬ ಹಾಡಿನೊಳಗಿನ ಅಣ್ಣ. ಅವನು ದಿನಾ ಬೆಳಗಿನ ಜಾವ ಬಿಳಿ ಕುದುರೆ ಏರಿ, ಜರಿ ರುಮಾಲು ಸುತ್ತಿ, ತಂಗಿಗೆ ಸೀರೆ ಕುಪ್ಪಸ ಹೊತ್ತುಕೊಂಡು ಬರುತ್ತಿದ್ದ. ಇನ್ನೊಬ್ಬ ಹೊಸಹಳ್ಳಿಯ ಅಣ್ಣ. ಅವನು ಸೈಕಲ್ ಏರಿ, ಹ್ಯಾಂಡಲ್‌ಗೆ ಊಟದ ಕ್ಯಾರಿಯರ್ ತಗುಲಿಸಿಕೊಂಡು ಮಿಲ್ಲಿನ ಕೆಲಸಕ್ಕೆ ಹೋಗುತ್ತಿದ್ದ. ಮೊದಲನೆಯವನನ್ನು ನೆನೆದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ದೊಡ್ಡಮ್ಮ, ಎರಡನೆಯವನು ಸಂತೆಯಲ್ಲಿ ಎದುರಾದರೆ ಪಕ್ಕದ ಬದನೆಕಾಯಿ ಗುಡ್ಡೆಯ ಕಡೆ ತಿರುಗಿ ನಿಂತುಬಿಡುತ್ತಿದ್ದಳು. ಬದನೆಕಾಯಿಯನ್ನು ಅಷ್ಟು ಭಕ್ತಿಯಿಂದ ನೋಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನೂ ಇವನೂ ಒಬ್ಬನೇ ಎಂದು ಅವಳಿಗೆ ಹೇಳುವ ಧೈರ್ಯ ಯಾರಿಗಿತ್ತು?

ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಕುರುಬರಹಳ್ಳಿಯಲ್ಲಿ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಎರಡು ಮನೆ ನಮ್ಮವು. ಎಪ್ಪತ್ತರ ದಶಕದ ಮಾತು. ಸುತ್ತಲಿನ ರಾಗಿ ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ತಾರಸಿ ಮನೆಗಳಾಗುತ್ತಿದ್ದವು. ಹಳ್ಳಿ ಎಲ್ಲಿ ಮುಗಿಯಿತು, ಬೆಂಗಳೂರು ಎಲ್ಲಿ ಶುರುವಾಯಿತು ಎಂದು ಎಮ್ಮೆಗಳಿಗೂ ತಿಳಿಯದೆ, ಅವು ಯಾರೋ ಆಫೀಸರ ಗೇಟಿನ ಮುಂದೆ ನಿಂತು ತಮ್ಮ ಹಳೆಯ ಹುಲ್ಲಿಗಾಗಿ ಕೂಗುತ್ತಿದ್ದ ಕಾಲ ಅದು. ನಾನು ಆಗಷ್ಟೇ ರಾಜಾಜಿನಗರದ ಶಾಲೆಯೊಂದರಲ್ಲಿ ಮೇಡಂ ಆಗಿ ಸೇರಿದ್ದೆ.

ದೊಡ್ಡಮ್ಮ ರಾಗಿ ಬೀಸುತ್ತಾ ಹಾಡುತ್ತಿದ್ದಳು. ಇದರಲ್ಲೇನು ವಿಶೇಷ, ಹಿಂದೆ ಎಲ್ಲರೂ ಹಾಡುತ್ತಿದ್ದರು ಎನ್ನುತ್ತೀರಿ. ನಿಜ. ಆದರೆ ಹಿಟ್ಟಿನ ಗಿರಣಿ ಬಂದು ಎಲ್ಲರೂ ಬೀಸುವುದನ್ನು ಬಿಟ್ಟ ಮೇಲೂ ಬೀಸುತ್ತಿದ್ದವಳು ಅವಳೊಬ್ಬಳೇ. ದೊಡ್ಡಪ್ಪ ಒಮ್ಮೆ ಗುಟ್ಟಾಗಿ ಗಿರಣಿಯಲ್ಲಿ ಹಿಟ್ಟು ಮಾಡಿಸಿಕೊಂಡು ಬಂದರು. ದೊಡ್ಡಮ್ಮ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, "ಇದ್ರಲ್ಲಿ ಬರೀ ಸದ್ದೈತೆ, ಪದ ಎಲ್ಲೈತೆ?" ಎಂದು ಅಷ್ಟೂ ಹಿಟ್ಟನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಪಕ್ಕದ ಮನೆಯವರು ಸಂತೋಷವಾಗಿ ತಿಂದರು. ದೊಡ್ಡಪ್ಪ ಅಂದಿನಿಂದ ಗಿರಣಿಯ ಬೀದಿಯಲ್ಲೇ ಓಡಾಡಲಿಲ್ಲ.

ಅವಳದೊಂದು ವಿಚಿತ್ರವಿತ್ತು. ಕೈ ತಿರುಗದಿದ್ದರೆ ಬಾಯಿ ತೆರೆಯುತ್ತಿರಲಿಲ್ಲ! ರಾಗಿಕಲ್ಲಿನ ಗೂಟ ಹಿಡಿದು ತಿರುಗಿಸಿದರೆ ಪದದ ಮೇಲೆ ಪದ ಬರುತ್ತಿತ್ತು. ಕೈ ಬಿಟ್ಟರೆ ಮುಗಿಯಿತು, ಎರಡು ಸಾಲೂ ನೆನಪಿಲ್ಲ. ಒಂದು ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಸೋಬಾನೆ ಹೇಳು ಎಂದು ಅವಳನ್ನು ಹಸೆಯ ಮುಂದೆ ಕೂರಿಸಿದರು. ಅಲ್ಲಿ ಕಲ್ಲು ಎಲ್ಲಿಂದ ಬರಬೇಕು? ದೊಡ್ಡಮ್ಮ ಅತ್ತ ನೋಡಿದಳು, ಇತ್ತ ನೋಡಿದಳು, ಕೊನೆಗೆ ಪಕ್ಕದಲ್ಲಿ ಕೂತಿದ್ದ ಬೀಗಿತ್ತಿಯ ಮುಂಗೈ ಹಿಡಿದು ಗರಗರ ತಿರುಗಿಸುತ್ತಾ ಶುರು ಮಾಡಿಯೇಬಿಟ್ಟಳು. ಹಾಡು ಅದ್ಭುತವಾಗಿ ಬಂತು. ಬೀಗಿತ್ತಿಯ ಒಂದು ಕೈಯ ಬಳೆ ಒಂದೂ ಉಳಿಯಲಿಲ್ಲ. ಪಾಪ, ಮಂಗಳಕಾರ್ಯದಲ್ಲಿ ಅಳುವ ಹಾಗೂ ಇಲ್ಲ! ಆಮೇಲೆ ದೊಡ್ಡಮ್ಮನನ್ನು ಮದುವೆಗೆ ಕರೆದವರು ಅವಳ ಎರಡೂ ಪಕ್ಕದ ಜಾಗ ಖಾಲಿ ಬಿಡುತ್ತಿದ್ದರು.

ಅವಳ ಹಾಡುಗಳು ಹಳೆಯವು ಅರ್ಧ, ಆವತ್ತಿನವು ಅರ್ಧ. ಹಿಂದಿನ ದಿನ ಕಂಡದ್ದೆಲ್ಲ ಮರುದಿನ ಬೆಳಿಗ್ಗೆ ಕಲ್ಲಿಗೆ ಬೀಳುತ್ತಿತ್ತು. ಸೈಟು ನೋಡಲು ಬಂದು ಹಳ್ಳಕ್ಕೆ ಬಿದ್ದ ಬೂಟಿನ ಸಾಹೇಬರು, ನಿಲ್ಲದೆ ಹೋದ ಬಸ್ಸು, ಎದುರು ಮನೆಗೆ ಹೊಸದಾಗಿ ಬಂದು ಬೀದಿಗೆಲ್ಲ ಕೇಳುವಂತೆ ಸೀಟಿ ಹೊಡೆದ ಕುಕ್ಕರ್, ಯಾರನ್ನೂ ಬಿಟ್ಟವಳಲ್ಲ. ಹೊಲ ಹೋದ ಮೇಲೆ ಹಸುವೂ ಹೋಗಿ, ನಮ್ಮ ಮನೆಗೆ ಹಾಲಿನವನು ಬರುತ್ತಿದ್ದ. ಹಾಲು ದಿನದಿಂದ ದಿನಕ್ಕೆ ತಿಳಿಯಾಗುತ್ತಾ ಬಂತು. ನಮ್ಮಮ್ಮ ಜಗಳವಾಡಿದಳು, ಪ್ರಯೋಜನವಾಗಲಿಲ್ಲ. ಒಂದು ಬೆಳಿಗ್ಗೆ ಅವನು ಕ್ಯಾನ್ ಇಳಿಸುವ ಹೊತ್ತಿಗೆ ಒಳಗಿನಿಂದ ಹಾಡು ಕೇಳಿಸಿತು:

ಹಾಲಯ್ಯ ತಂದಾನು ಹಾಲಲ್ಲ ಕೆರೆನೀರು
ಕಪ್ಪೆಮರಿ ಎಲ್ಲಿ ಬಿಟ್ಬಂದ | ನಾಳೀಕೆ
ಮೀನನ್ನೂ ಅಳೆದು ಕೊಡತಾನೆ

ಮರುದಿನ ಹಾಲಿನ ಮೇಲೆ ಕೆನೆ ಕಟ್ಟಿತು! ಸೊಪ್ಪಿನವಳು ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿ, "ಅಕ್ಕಾ, ನನ್ ಸುದ್ದಿಗೆ ಬರ್ಬ್ಯಾಡ ಕಣಕ್ಕಾ" ಎಂದು ಕೈ ಮುಗಿಯುತ್ತಿದ್ದಳು. ಪೊಲೀಸರಿಗೂ ಬೀದಿಯಲ್ಲಿ ಇಷ್ಟು ಮರ್ಯಾದೆ ಇರಲಿಲ್ಲ.

ಇಂತಹ ಹೆಂಗಸು ದಿನಾ ಕೊನೆಗೆ ಹಾಡುತ್ತಿದ್ದದ್ದು ಮಾತ್ರ ತವರಿನ ಪದ. ಕೇಳಿದವರಿಗೆ ತವರು ಏಳು ಸಮುದ್ರದ ಆಚೆ ಇದೆ ಎನಿಸಬೇಕು. ಇದ್ದದ್ದು ಎಲ್ಲಿ? ಮಾಗಡಿ ರಸ್ತೆಯ ಆಚೆ, ಹೊಸಹಳ್ಳಿಯಲ್ಲಿ! ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಮುಗಿಯುವುದರೊಳಗೆ ನಡೆದು ಸೇರಬಹುದಿತ್ತು. ಅಲ್ಲಿಯೂ ಹೊಲ ಹೋಗಿ ಬಡಾವಣೆ ಎದ್ದಿತ್ತು.

ಸಾಲು ಸಾಲಿನ ಮನೆಗೆ ನಂಬರು ಬರೆದಾರೆ
ನಮ್ಮವ್ವನ ಮನೆಗೆ ನಂಬರಿಲ್ಲ | ಕಣ್ಮುಚ್ಚಿ
ನಡೆದಾರೂ ಕಾಲು ಅರಿತಾವು

ಕಾಲಿಗೆ ದಾರಿ ಗೊತ್ತಿತ್ತು. ಹೋಗಲು ಛಲ ಬಿಡುತ್ತಿರಲಿಲ್ಲ. ನಡೆದದ್ದು ಇಷ್ಟು. ಅಣ್ಣ, ಅಂದರೆ ನಮ್ಮ ಹೊಸಹಳ್ಳಿ ಮಾವ, ಹಳೆಯ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ದೊಡ್ಡಮ್ಮ ಹೊಸ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಹೋದಳು. ಊಟಕ್ಕೆ ಮುಂಚೆ ಕಾಲು ತೊಳೆಯಲು ಬಚ್ಚಲಿಗೆ ಹೋದವಳು ಹಾಗೇ ನಿಂತಳು. ನೀರು ಹುಯ್ದುಕೊಳ್ಳುವವರು ನಿಲ್ಲುವ ಜಾಗದಲ್ಲಿ ಅವಳ ಅವ್ವನ ರಾಗಿಕಲ್ಲು! ಗಾರೆಯವನು ಚಪ್ಪಡಿ ಸಿಗದೆ ಅದನ್ನೇ ಹಾಕಿದ್ದ. ಗಿರಣಿ ಇರುವಾಗ ಕಲ್ಲು ಯಾಕೆ ಎಂದು ಮಾವನೂ ಸುಮ್ಮನಿದ್ದರು. ರಾಗಿಕಲ್ಲೆಂದರೆ ಲಕ್ಷ್ಮಿ. ಅದಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ದೊಡ್ಡಮ್ಮ ಎತ್ತಿದ ಕಾಲನ್ನು ಇಳಿಸಲೇ ಇಲ್ಲ. ತಿರುಗಿ ಹೊರಗೆ ಬಂದು, "ಅವ್ವನ್ ಕಲ್ಲಿನ್ ಮ್ಯಾಲೆ ಕಾಲಿಡೋರ ಹೊಸ್ಲಿನ್ ಮ್ಯಾಲೆ ನಾನು ಕಾಲಿಡಾಕಿಲ್ಲ" ಎಂದು, ಬಡಿಸಿದ್ದ ಹೋಳಿಗೆಯನ್ನೂ ಬಿಟ್ಟು ನಡೆದುಬಿಟ್ಟಳು. ನನಗೆ ಆ ಹೋಳಿಗೆಯ ಚಿಂತೆ ಬಹಳ ದಿನ ಇತ್ತು.

ವರ್ಷಗಳಾದವು. ಅವರು ಕರೆಯಲಿಲ್ಲ, ಇವಳು ಹೋಗಲಿಲ್ಲ. ಹಾಡಿನ ಅಣ್ಣ ಮಾತ್ರ ದಿನಾ ಕುದುರೆಯಲ್ಲಿ ಬಂದು ಹೋಗುತ್ತಿದ್ದ.

ಹೀಗಿರುವಾಗ ನಮ್ಮ ಹಿಂದಿನ ರಸ್ತೆಗೆ ಒಬ್ಬರು ಬಾಡಿಗೆಗೆ ಬಂದರು. ಕನ್ನಡಕದ, ತೆಳ್ಳನೆಯ ಮನುಷ್ಯ. ಒಂದು ಬೆಳಿಗ್ಗೆ ಕಣ್ಣುಜ್ಜಿಕೊಂಡು, ಮಫ್ಲರ್ ಸುತ್ತಿಕೊಂಡು ನಮ್ಮ ಅಂಗಳದಲ್ಲಿ ನಿಂತಿದ್ದರು. ಕಲ್ಲಿನ ಸದ್ದಿಗೆ ನಿದ್ದೆ ಕೆಟ್ಟು ಜಗಳಕ್ಕೆ ಬಂದಿದ್ದಾರೆ ಎಂದು ನಾವೆಲ್ಲ ಅಂದುಕೊಂಡೆವು. ದೊಡ್ಡಮ್ಮ ಅಂದುಕೊಳ್ಳುತ್ತಾ ಕೂರಲಿಲ್ಲ, ಸೀದಾ ಜಗಳ ಶುರುವೇ ಮಾಡಿದಳು.

"ಏನ್ ಸಾಮೀ, ನಿದ್ದೆ ಬರಲ್ವಾ? ನಿಮ್ ಮನೆ ಐತಲ್ಲ, ಅದು ನಮ್ ಹೊಲ. ನಮ್ ಹೊಲ್ದಲ್ಲಿ ಮಲಿಕ್ಕೊಂಡು ನಮ್ ರಾಗಿ ಸದ್ದು ಬ್ಯಾಡ ಅಂದ್ರೆ ಹೆಂಗೆ?"

"ಅಲ್ಲಮ್ಮ..." ಎಂದರು ಅವರು. "ನೀವು ಯಾಕೆ ನಿಲ್ಲಿಸಿದ್ರಿ ಅಂತ ಕೇಳೋಕೆ ಬಂದೆ. ಆ ನಂಬರಿಲ್ಲದ ಮನೆ ಪದ ಮುಂದಕ್ಕೆ ಏನಾಯ್ತು?"

ಜಗಳಕ್ಕೆಂದು ಸೊಂಟದ ಮೇಲಿಟ್ಟಿದ್ದ ಕೈಯಿಂದಲೇ ದೊಡ್ಡಮ್ಮ ಅವರಿಗೆ ಮಣೆ ತೋರಿಸಿದಳು! ಅವರು ರೇಡಿಯೋದಲ್ಲಿ ಕೆಲಸ ಮಾಡುವವರಂತೆ. ತಾರಸಿಯ ಮೇಲೆ ನಿಂತು ದಿನಾ ಕೇಳುತ್ತಿದ್ದರಂತೆ. ಹಾಡನ್ನು ರೆಕಾರ್ಡ್ ಮಾಡಬೇಕೆಂದರು. ನಮ್ಮಮ್ಮ ಕೊಟ್ಟ ಕಾಫಿ ಕುಡಿಯುತ್ತಾ, "ಅಮ್ಮಾ, ಈ ಪದಗಳೆಲ್ಲ ನಿಮಗೆ ಎಲ್ಲಿಂದ ಹೊಳೀತವೆ?" ಎಂದು ಕೇಳಿದರು.

"ಅದ್ರಲ್ಲಿ ಹೊಳೆಯೋಕೇನೈತೆ ಸಾಮಿ? ಕಲ್ಲಿನ್ ಬಾಯ್ಗೆ ರಾಗಿ ಹಾಕಿದ್ರೆ ಹಿಟ್ಟು ಬೀಳ್ತದೆ. ಕಣ್ಣಿಗೆ ಬಿದ್ದದ್ದು ಹೊಟ್ಟೇಗೆ ಹಾಕ್ಕೊಂಡ್ರೆ ಪದ ಬೀಳ್ತದೆ. ನಿಮ್ದೂ ಮಫ್ಲರ್ ನೋಡಿವ್ನಿ, ನಾಳೆ ಬೀಳ್ತದೆ."

ಅವರು ನಗುತ್ತಾ ಮಫ್ಲರ್ ಬಿಚ್ಚಿ ಜೇಬಿಗೆ ತುರುಕಿಕೊಂಡರು. ಬೇಕಾದರೆ ಯಂತ್ರವನ್ನು ಮನೆಗೇ ತರುತ್ತೇನೆ, ನೀವು ಬರುವ ತೊಂದರೆ ಬೇಡ ಎಂದರು. ದೊಡ್ಡಮ್ಮ ಒಪ್ಪಬೇಕಲ್ಲ? "ರೇಡಿಯೋ ನಮ್ಮನೇಗ್ ಬಂದ್ರೆ ಏನ್ ಬಂತು? ನಾನು ರೇಡಿಯೋ ಮನೇಗೋಗ್ಬೇಕು!" ಎಂದಳು. ಆಗಲಿ ಎಂದರು. ಆದರೆ ಕಲ್ಲು? ದೊಡ್ಡಪ್ಪ ಮನೆಗೆ ಕೆಂಪು ಗಾರೆಯ ನೆಲ ಹಾಕಿಸುವಾಗ, ಯಾರೂ ಎತ್ತಿಕೊಂಡು ಹೋಗದಿರಲಿ ಎಂದು ಅವಳ ಕಲ್ಲನ್ನು ನೆಲಕ್ಕೇ ಕೂರಿಸಿ ಸಿಮೆಂಟ್ ಹಾಕಿಸಿದ್ದರು. ಅದನ್ನು ರೇಡಿಯೋಗೆ ಒಯ್ಯಬೇಕಾದರೆ ಮನೆಯನ್ನೇ ಎತ್ತಬೇಕಿತ್ತು!

ಬೇರೆ ಕಲ್ಲಿಗಾಗಿ ನಾನು ಬೀದಿ ಬೀದಿ ಅಲೆದೆ. ಒಬ್ಬರ ಕಲ್ಲು ತುಳಸಿಕಟ್ಟೆಗೆ ಸೇರಿತ್ತು. ಒಬ್ಬರದು ಒಡೆದಿತ್ತು. ಚೆನ್ನಾಗಿದ್ದ ಒಂದು ಕಲ್ಲಿನ ಮನೆಯವರು, "ಕಲ್ಲು ಹೊಸ್ತಿಲು ದಾಟಿದ್ರೆ ಲಕ್ಷ್ಮಿ ದಾಟಿದಂಗೆ ಕಣವ್ವಾ" ಎಂದು ಬಾಗಿಲು ಹಾಕಿಕೊಂಡರು. ಇತ್ತ ದೊಡ್ಡಮ್ಮ ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದಳು. ಹಾಲಿನವನಿಗೂ ಹೇಳಿದ್ದಳು, ಬಸ್ ಕಂಡಕ್ಟರಿಗೂ ಹೇಳಿದ್ದಳು. ಈಗ ಹಾಡದೆ ಹಿಂದಿರುಗಿದರೆ ಅವಳು ಮತ್ತೆ ಕಲ್ಲು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನು ಉಳಿದದ್ದು ಒಂದೇ ಕಲ್ಲು. ಅದು ಹೊಸಹಳ್ಳಿಯ ಬಚ್ಚಲಿನಲ್ಲಿತ್ತು. ಶಾಲೆ ಬಿಟ್ಟ ಮೇಲೆ ಯಾರಿಗೂ ಹೇಳದೆ ಮಾಗಡಿ ರಸ್ತೆ ದಾಟಿದೆ.

ಮಾವ ಜಗಲಿಯ ಮೇಲೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ವಿಷಯ ಹೇಳಿದೆ. ಎಣ್ಣೆಯ ಡಬ್ಬಿ ಕೆಳಗಿಟ್ಟು ಒಳಗೆ ಹೋದರು. ಬಚ್ಚಲಿಗೆ ಹೋಗಲಿಲ್ಲ! ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಗೋಣಿ ಸುತ್ತಿದ ಗಂಟೊಂದನ್ನು ಎಳೆದರು. ಬಿಚ್ಚಿದರೆ ಮೇಲಿನ ಕಲ್ಲು, ಕೆಳಗಿನ ಕಲ್ಲು, ದೊಡ್ಡಮ್ಮನ ಅವ್ವನ ಅಂಗೈ ಸವೆಸಿದ ಗೂಟ.

"ಬಚ್ಚಲಲ್ಲಿತ್ತಲ್ಲ ಮಾವಾ?"

"ಅವ್ಳು ಎದ್ದೋದ್ ದಿನಾನೇ ಕಿತ್ತೆ. ಗೃಹಪ್ರವೇಸದ ಪಂಚೇಲೇ ಹಾರೆ ಹಿಡ್ದೆ" ಎಂದರು.

ಒಳಗಿನಿಂದ ಅತ್ತೆ ಕೂಗಿ ಹೇಳಿದರು: "ಕೇಳವ್ವಾ ನಿಮ್ ಮಾವನ್ ಪುರಾಣ! ಮನೇಲಿ ಬೀಸೋರೇ ಇಲ್ಲ. ಬೀದೀಲಿ ಕಲ್ಲು ಕುಟ್ಟೋನು ಕೂಗಿದ್ರೆ ಸಾಕು, ಓಡೋಗಿ ಕರ್ಕೊಂಡ್ ಬಂದು ಉಳೀಲಿ ಮುಳ್ಳು ಕುಟ್ಟಿಸ್ತಾರೆ. ಹಬ್ಬ ಬಂದ್ರೆ ಅರಿಶಿನ ಕುಂಕುಮ ಬೇರೆ. ಬೀದಿಯೋರೆಲ್ಲ ನಗ್ತಾರೆ!"

ತಂಗಿ ಒಂದು ಕಲ್ಲಾದರೆ ಅಣ್ಣ ಇನ್ನೊಂದು. ನಾನು ಇದುವರೆಗೆ ಒಬ್ಬಳ ಹುಚ್ಚನ್ನು ಮಾತ್ರ ಕಂಡಿದ್ದೆ.

"ಇದನ್ನ ದೊಡ್ಡಮ್ಮನಿಗೆ ಹೇಳಬಾರದಿತ್ತಾ ಮಾವಾ?"

"ಯೋಳಾನ ಅಂತ್ಲೇ ಸಂತೇಗೆ ಬತ್ತೀನಿ ಕಣವ್ವ. ಅವ್ಳು ಬದ್ನೇಕಾಯಿ ನೋಡ್ತಾ ನಿಂತ್ಕೊಂಬುಡ್ತಾಳೆ!"

ನನಗೆ ನಗು ಬಂತು.

ರೆಕಾರ್ಡಿಂಗ್ ದಿನ ದೊಡ್ಡಮ್ಮನಿಗೆ, "ಎಲ್ಲೋ ಒಂದು ಕಲ್ಲು ಸಿಕ್ಕಿದೆ, ಅಲ್ಲಿಗೇ ಬರುತ್ತೆ" ಎಂದಷ್ಟೇ ಹೇಳಿ ಬಸ್ ಹತ್ತಿಸಿದೆ. ಮೊರದ ತುಂಬ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು, ರಾಜ್ಯಾಭಿಷೇಕಕ್ಕೆ ಹೊರಟವಳ ಹಾಗೆ ಕೂತಿದ್ದಳು. ರೇಡಿಯೋ ಕಚೇರಿಯ ಗೇಟಿನಲ್ಲಿ ಇಳಿದರೆ, ಸೈಕಲ್ ಹಿಡಿದು ಮಾವ ನಿಂತಿದ್ದಾರೆ. ಹಿಂದಿನ ಕ್ಯಾರಿಯರ್‌ಗೆ ಎರಡೂ ಕಲ್ಲನ್ನು ಹಗ್ಗ ಸುತ್ತಿ ಬಿಗಿದಿದ್ದರು. ಆ ಭಾರಕ್ಕೆ ಸೈಕಲ್ ಏರಲಾಗದೆ ಹೊಸಹಳ್ಳಿಯಿಂದ ಮೆಜೆಸ್ಟಿಕ್ ದಾಟಿ ಅಲ್ಲಿಯವರೆಗೂ ತಳ್ಳಿಕೊಂಡೇ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ದೊಡ್ಡಮ್ಮ ಸುತ್ತಲೂ ನೋಡಿದಳು. ಅಲ್ಲಿ ಬದನೆಕಾಯಿ ಇರಲಿಲ್ಲ. ಕೊನೆಗೆ ಒಂದು ಕ್ರೋಟನ್ ಗಿಡದ ಕಡೆ ತಿರುಗಿದಳು!

"ಆ ಸೈಕಲ್ನೋರ್ನ ಕೇಳೇ, ಬಚ್ಚಲ್ ಕಲ್ಲು ಯಾಕ್ ತಂದ್ರು ಅಂತ."

ಮಾವ ನನ್ನನ್ನೇ ನೋಡಿ, "ನಿಮ್ ದೊಡ್ಡಮ್ಮಂಗೆ ಯೋಳು, ಬ್ಯಾಡಾದ್ರೆ ವಾಪಸ್ ತಳ್ಕೊಂಡೋಯ್ತೀನಿ ಅಂತ" ಎಂದರು.

"ತಳ್ಳೋದು ಬ್ಯಾಡ ಅನ್ನು. ಈಗ್ಲೇ ಏದುಸಿರು ಬಿಡ್ತಾವ್ರೆ ಅನ್ನು."

"ಏದುಸಿರೂ ಇಲ್ಲ, ಏನೂ ಇಲ್ಲ ಅನ್ನವ್ವಾ."

ಇಬ್ಬರ ನಡುವೆ ಒಂದು ಮಾರು ದೂರ. ನಡುವೆ ನಾನು! ಸಾಲದ್ದಕ್ಕೆ ಗೇಟಿನ ಕಾವಲುಗಾರ ಬಂದು, ಕಲ್ಲು ಒಳಗೆ ಬಿಡಲು ಆಗುವುದಿಲ್ಲ ಎಂದ. "ವಾದ್ಯ" ಎಂದೆ. ಬಗ್ಗಿ ನೋಡಿ, ತಲೆ ಕೆರೆದುಕೊಂಡು ಒಳಗೆ ಬಿಟ್ಟ.

ಒಳಗೆ ಬಾಗಿಲು ಹಾಕಿದರೆ ಉಸಿರಿನ ಸದ್ದೂ ಕೇಳಿಸುವಂಥ ಕೋಣೆ. ಚಾಪೆಯ ಮೇಲೆ ಕಲ್ಲು ಇಟ್ಟರು. ಗಾಜಿನ ಆಚೆ ರೇಡಿಯೋ ಸಾಹೇಬರು, ಅವರ ಹಿಂದೆ ಬೆವರು ಒರೆಸಿಕೊಳ್ಳುತ್ತಾ ಮಾವ. ಕಲ್ಲಿನ ಪಕ್ಕ ನಾನು. ಸಾಹೇಬರು ಕೈ ಸನ್ನೆ ಮಾಡಿದರು. ದೊಡ್ಡಮ್ಮ ಒಂದು ಹಿಡಿ ರಾಗಿಯನ್ನು ಕಲ್ಲಿನ ಬಾಯಿಗೆ ಹಾಕಲು ಬಗ್ಗಿದವಳು ನಿಂತುಬಿಟ್ಟಳು. ಬಾಯಿಯ ಸುತ್ತ ಹಳೆಯ ಅರಿಶಿನ ಗಟ್ಟಿಯಾಗಿ ಕೂತಿತ್ತು. ಅದನ್ನು ಉಗುರಿನಿಂದ ಮುಟ್ಟಿದಳು. ಮೇಲಿನ ಕಲ್ಲನ್ನು ಕೊಂಚ ಎತ್ತಿ, ಒಳಮೈಯನ್ನು ಅಂಗೈಯಲ್ಲಿ ಸವರಿದಳು. ಕುಟ್ಟಿಸಿದ ಮುಳ್ಳು ಹೊಚ್ಚಹೊಸದು. ಬಚ್ಚಲಲ್ಲಿ ಬಿದ್ದ ಕಲ್ಲು ಹೀಗಿರುತ್ತದೆಯೇ?

ನನ್ನ ಕಡೆ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಗಾಜಿನ ಆಚೆ ಸಾಹೇಬರು ಟೇಪು ಸುಮ್ಮನೆ ಓಡುತ್ತಿದೆ ಎಂದು ಚಡಪಡಿಸುತ್ತಿದ್ದರು. ದೊಡ್ಡಮ್ಮ ತನ್ನ ಅವ್ವ ಹಿಡಿದಿದ್ದ ಗೂಟವನ್ನು ಹಿಡಿದಳು. ಕಲ್ಲು ತಿರುಗಿತು. ಹಾಡು ಬಂತು. ನಮ್ಮ ಅಂಗಳದಲ್ಲಿ ಕೇಳಿದ ಹಾಡೇ ಅದು. ಆದರೆ ಆ ಗೋಡೆಗಳ ನಡುವೆ, ಕೋಳಿ, ಕುಕ್ಕರ್ ಯಾವುದರ ಸದ್ದೂ ಇಲ್ಲದೆ, ಬರೀ ಕಲ್ಲು ಮತ್ತು ಅವಳ ದನಿ ಕೇಳಿದಾಗ, ಇವಳು ನಮ್ಮ ದೊಡ್ಡಮ್ಮ ಎಂದು ಬೀದಿಯಲ್ಲಿ ನಿಂತು ಕೂಗಬೇಕೆನಿಸಿತು. ಅಷ್ಟು ಹೆಮ್ಮೆ ನನಗೆ ನನ್ನ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ. ತವರಿನ ಪದಕ್ಕೆ ಬಂದಳು. ಇನ್ನೇನು ಬಿಳಿ ಕುದುರೆ ಬರಬೇಕು. ಬರಲಿಲ್ಲ!

ಕುದುರೇಯ ಏರೋನು ಹಾಡೀಗೆ ಇರಲವ್ವ
ಸೈಕಲ್ಲು ತಳ್ಳಿ ಬೆವತವನೆ | ನನ್ನಣ್ಣ
ಅವ್ವನ ಕಲ್ಲ ತಂದವನೆ

ಗಾಜಿನ ಆಚೆ ಮಾವ ಟವೆಲಿನಿಂದ ಮುಖ ಒರೆಸಿಕೊಂಡರು. ಬೆವರು ಆರಿ ಬಹಳ ಹೊತ್ತಾಗಿತ್ತು.

ಇಷ್ಟಾಯಿತಲ್ಲ, ಹೊರಗೆ ಬಂದು ಮಾತಾಡಿದರೇ? ಎಲ್ಲಿಯ ಮಾತು! "ಕಲ್ಲು ಜೋಪಾನವಾಗಿ ಕಟ್ಟೋಕ್ ಯೋಳೇ" ಎಂದಳು ಇವಳು. "ನಂಗೊತ್ತು ಅನ್ನವ್ವಾ" ಎಂದರು ಅವರು. ಸೈಕಲ್ ಒಂದು ದಾರಿ, ಬಸ್ಸು ಒಂದು ದಾರಿ.

ಹಾಡು ರೇಡಿಯೋದಲ್ಲಿ ಬರುವ ದಿನ ಸಂಜೆ ನಮ್ಮ ಮನೆಯ ನಡುಮನೆಯಲ್ಲಿ ಬೀದಿಯೇ ಸೇರಿತ್ತು. ಹಾಲಿನವನು ಎಲ್ಲರಿಗಿಂತ ಮುಂದೆ ಕೂತಿದ್ದ. ತನ್ನ ಪದ ಎಲ್ಲಿ ಬಂದುಬಿಡುತ್ತದೋ ಎಂಬ ದಿಗಿಲು ಅವನಿಗೆ. ಹಾಡಿದವಳೇ ಕಾಣಿಸಲಿಲ್ಲ. ನೋಡಿದರೆ ಗೃಹಪ್ರವೇಶಕ್ಕೆ ಉಟ್ಟಿದ್ದ ಸೀರೆ ಉಟ್ಟು, ನನಗಾಗಿ ಬಾಗಿಲಲ್ಲಿ ನಿಂತಿದ್ದಾಳೆ.

"ನಡಿಯೇ, ಹೊಸಳ್ಳೀಲಿ ರೇಡಿಯೋ ಚೆನ್ನಾಗಿ ಕೇಳ್ತದಂತೆ."

"ನಮ್ಮ ರೇಡಿಯೋಗೆ ಏನಾಗಿದೆ ಅಕ್ಕಾ?" ಎಂದು ನಮ್ಮಮ್ಮ ಕೇಳಿದಳು. ದೊಡ್ಡಪ್ಪ ಜೀವಮಾನದಲ್ಲಿ ಒಂದೇ ಬಾರಿ ಬುದ್ಧಿವಂತಿಕೆಯ ಮಾತಾಡಿದರು. "ಸುಮ್ಕಿರವ್ವಾ, ಓಗ್ಲಿ" ಎಂದರು.

ಹೊಸಹಳ್ಳಿಯ ಮನೆಯ ಹೊಸ್ತಿಲ ಮುಂದೆ ದೊಡ್ಡಮ್ಮ ಒಂದು ಗಳಿಗೆ ನಿಂತಳು. ಒಳಗೆ ನಡುಮನೆಯಲ್ಲಿ, ರೇಡಿಯೋ ಇಟ್ಟಿದ್ದ ಮೇಜಿನ ಪಕ್ಕದಲ್ಲೇ ಮಣೆ ಹಾಕಿ ಕಲ್ಲನ್ನು ಕೂರಿಸಿದ್ದರು. ಅದನ್ನು ನೋಡಿದಳು. ಬಲಗಾಲು ಒಳಗಿಟ್ಟಳು. ಯಾರೂ ಬಾ ಎನ್ನಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ. ಅತ್ತೆ ಮಾತ್ರ ಓಡಿ ಹೋಗಿ ಸಾರಿಗೆ ಇನ್ನೊಂದು ಚೊಂಬು ನೀರು ಹುಯ್ದರು. ಹಾಡು ಬಂತು. ಸೈಕಲ್ಲಿನ ಪದವೂ ಬಂತು. ಅದು ಮುಗಿಯುವವರೆಗೂ ಅಣ್ಣ ತಂಗಿ ಇಬ್ಬರೂ ಕಲ್ಲನ್ನೇ ನೋಡುತ್ತಾ ಕೂತಿದ್ದರು.

ಅತ್ತೆ ತಟ್ಟೆ ಇಟ್ಟು ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಮಾವ ತಂಗಿಯ ಎದುರಿಗೇ ಕೂತರು. ದೊಡ್ಡಮ್ಮ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದಳು. ತಲೆ ಎತ್ತಲಿಲ್ಲ.

"ಅಣ್ಣಾ," ಎಂದಳು, "ಸಾರ್ಗೆ ಉಪ್ಪು ಕಮ್ಮಿ ಆಗೈತೆ. ಆ ಕಡೆ ಉಪ್ಪಿನ್ ಬಟ್ಲು ಇತ್ತ ತಳ್ಳು."

ಆ ಗೃಹಪ್ರವೇಶವಾದ ಮೇಲೆ, ಹಾಡಿನ ಹೊರಗೆ ಅವಳು ಅಣ್ಣಾ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಗ ಅವಳ ಕೈಯಲ್ಲಿ ಗೂಟವೂ ಇರಲಿಲ್ಲ.